ಚಪ್ಪಲಿ ಮುಟ್ಟಿದ ದೊಡ್ಡಮ್ಮ

ಹಿತುಕಲೆಂದು ನೆನೆಸಿಟ್ಟ ಅವರೆಕಾಳಿನ ಸಿಪ್ಪೆ ನೋಡಿದ್ದೀರಲ್ಲ, ಬೆಳ್ಳಗೆ, ಸುಕ್ಕುಸುಕ್ಕಾಗಿ? ಪಕ್ಕದ ಮನೆಯ ದೊಡ್ಡಮ್ಮನ ಬೆರಳ ತುದಿಗಳು ವರ್ಷವಿಡೀ ಹಾಗೇ ಇರುತ್ತಿದ್ದವು. ಮಣಿಕಟ್ಟಿನ ಹತ್ತಿರ ಚರ್ಮ ಬಿರಿದು ಕೆಂಪು ಗೆರೆಗಳು. ಬಾಗಿಲ ಚಿಲಕ ಮುಟ್ಟಿದರೆ ಕೈ ತೊಳೆಯಬೇಕು, ಹಾಲಿನವನ ಕ್ಯಾನು ತಾಗಿದರೆ ತೊಳೆಯಬೇಕು, ಯಾರದಾದರೂ ಚಪ್ಪಲಿಗೆ ಸೆರಗು ಸೋಕಿದರಂತೂ ತಲೆಯ ಮೇಲೆ ನೀರು ಸುರಿದುಕೊಳ್ಳಬೇಕು.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನ ನಡುವೆ ನಮ್ಮ ಬೀದಿ. ದೊಡ್ಡಮ್ಮ ತೂಬಗೆರೆ ಕಡೆಯವರು, ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಬೀದಿ ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ. ಅಲ್ಲಿ ಅವರಿಗೆ ಆಗುತ್ತಿದ್ದ ಮಂಗಳಾರತಿಯನ್ನು ನೀವು ಕೇಳಬೇಕಿತ್ತು.

“ಏನ್ ದೊಡ್ಡಮ್ಮ, ಕೈ ತೊಳೀತಿದೀರೋ, ಕೆರೆ ಖಾಲಿ ಮಾಡ್ತಿದೀರೋ?”

“ಬಲೇ ಮಡಿ ಕಣ್ರೇ ಇವ್ರದ್ದು! ಇವ್ರ ಮನೆಗೆ ದೇವ್ರು ಬಂದ್ರೂ ಕಾಲು ತೊಳ್ಕೊಂಡೇ ಬರಬೇಕು!”

ದೊಡ್ಡಮ್ಮ ನಕ್ಕು ಕೊಡ ಎತ್ತಿಕೊಂಡು ಹೋಗುತ್ತಿದ್ದರು. ನಾನೂ ಅದನ್ನು ಭಕ್ತಿಯೆಂದೇ ನಂಬಿದ್ದೆ.

ನಮ್ಮ ಮನೆಯ ಕಥೆ ಬೇರೆ. ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ ನಮ್ಮ ಯಜಮಾನರು ಸಾರಾಯಿಗೆ ಬಿದ್ದಿದ್ದರು. ಘಾಟಿಯ ದೇವಸ್ಥಾನಕ್ಕೆ ಹೋಗಿ ಕರ್ಪೂರ ಮುಟ್ಟಿ ಆಣೆ ಮಾಡಿ ಬಂದರು. ವಾರ ಕಳೆಯುವುದರೊಳಗೆ ಮತ್ತೆ ಅದೇ ವಾಸನೆ. ಇನ್ನೊಂದು ಸಲ ಕುಡಿದು ಮಗ್ಗದ ಮುಂದೆ ನಿಂತರೆ ಕೆಲಸವಿಲ್ಲ ಎಂದು ಮಾಲೀಕರು ಹೇಳಿಬಿಟ್ಟರು. ಮಕ್ಕಳನ್ನು ಕರೆದುಕೊಂಡು ಬಂದುಬಿಡು ಎಂದು ತವರಿನವರು ಕಟ್ಟುನಿಟ್ಟಾಗಿ ಹೇಳಿ ಹೋದರು.

ಅವತ್ತು ಜಗಲಿಯ ಮೇಲೆ ಅಳುತ್ತಾ ಕೂತಿದ್ದೆ. ದೊಡ್ಡಮ್ಮ ಬಂದು ಪಕ್ಕ ನಿಂತರು.

“ದೇವ್ರ ಮೇಲೆ ಆಣೆ ಇಟ್ಟೂ ಬೇಕೂಂತ್ಲೇ ಕುಡೀತಾರಲ್ಲ ದೊಡ್ಡಮ್ಮ,” ಎಂದೆ.

“ಬೇಕೂಂತ ಅಲ್ಲ ಕಣವ್ವ.” ತಮ್ಮೆರಡು ಕೈಗಳನ್ನು ನನ್ನ ಮುಖದ ಮುಂದೆ ಚಾಚಿದರು. “ಇದನ್ನ ನಾನು ಬೇಕೂಂತ ತೊಳೀತೀನಾ? ಉರಿಯುತ್ತೆ. ಕೊಳೆ ಇಲ್ಲ ಅಂತ ಗೊತ್ತು. ಆದ್ರೂ ಒಳಗೊಂದು ಕೂತ್ಕೊಂಡು ‘ಇನ್ನೊಂದೇ ಸಲ, ಇನ್ನೊಂದೇ ಸಲ’ ಅಂತ ಪೀಡಿಸುತ್ತೆ. ತೊಳೆದ್ರೆ ಸುಮ್ನಾಗುತ್ತೆ, ಆಮೇಲೆ ಮತ್ತೆ ಏಳುತ್ತೆ. ನಿನ್ನ ಗಂಡನ ಒಳಗೂ ಅಂಥದ್ದೇ ಒಂದು ಕೂತಿದೆ. ಮಡಿಯಂತೆ, ಮಣ್ಣಂತೆ!”

ಮಡಿಯ ಮುದುಕಿಯದೂ ಕುಡುಕನದೂ ಒಂದೇ ಸಂಕಟವೇ! ದೇವರು ನನ್ನ ಹರಕೆಗೆ ಪಕ್ಕದ ಮನೆಯಿಂದಲೇ ಉತ್ತರ ಕಳಿಸಿದ್ದ.

ದೊಡ್ಡಮ್ಮನನ್ನು ಮಗಳು ಬೆಂಗಳೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳಂತೆ. ಇದೊಂದು ಕಾಯಿಲೆ, ಮಾತ್ರೆ ತಗೊಳ್ಳಿ, ತೊಳೆಯಬೇಕು ಅನ್ನಿಸಿದಾಗ ತಡೆದು ನೋಡಿ, ತಡೆದರೆ ಅದರ ಸೊಕ್ಕು ತಾನೇ ಇಳಿಯುತ್ತದೆ ಎಂದಿದ್ದರಂತೆ ಆ ಡಾಕ್ಟರಮ್ಮ. ಯಜಮಾನರನ್ನೂ ಅಲ್ಲಿಗೇ ಕರೆದುಕೊಂಡು ಹೋದೆವು. ಆಸ್ಪತ್ರೆಯಲ್ಲೇ ಇರಿಸಿಕೊಂಡು, ಕುಡಿತ ಬಿಟ್ಟಾಗಿನ ಮೈ ನಡುಕ ಇಳಿಸಿ ಕಳಿಸಿದರು. ಪುಣ್ಯಕ್ಕೆ ಕೆಲಸ ಉಳಿದಿತ್ತು. ಆದರೆ ಮನೆಗೆ ಬಂದ ಮೇಲೆ ಸಂಜೆಗಳಿದ್ದವಲ್ಲ!

“ಒಬ್ಬಳೇ ಕೂತ್ರೆ ನಂಗೆ ತಡೆಯೋಕಾಗಲ್ಲ. ಅವನನ್ನೂ ಕಳಿಸು, ಇಬ್ರೂ ಕೂತು ತಡೀತೀವಿ,” ಎಂದರು ದೊಡ್ಡಮ್ಮ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರಾದ ಮನೆ ಬರೆದರು. ಆಟ ಮುಗಿಯುವ ತನಕ ಅವರು ಬಚ್ಚಲಿಗೆ ಹೋಗುವ ಹಾಗಿಲ್ಲ, ಇವರು ಜಗಲಿ ಇಳಿಯುವ ಹಾಗಿಲ್ಲ. ಕವಡೆಗಳೋ, ಬೀದಿಯವರೆಲ್ಲ ಮುಟ್ಟಿದವು!

“ಬಾರಾ! ನಿಮ್ಮ ಕಾಯಿ ಹೊಡೆದೆ ದೊಡ್ಡಮ್ಮ!”

“ಹೊಡಿಯೋ ಹೊಡಿ! ದೊಡ್ಡ ಗಂಡಸು, ಮುದುಕಿ ಕಾಯಿ ಹೊಡ್ದ!”

ನಾನು ಹೊಸ್ತಿಲಲ್ಲಿ ಸೊಪ್ಪು ಬಿಡಿಸುತ್ತಾ, ಯಾರಾದರೂ ಗೆಲ್ಲಲಿ, ಆಟ ಮಾತ್ರ ಬೇಗ ಮುಗಿಯದಿರಲಿ ಸ್ವಾಮಿ ಎಂದು ಬೇಡಿಕೊಳ್ಳುತ್ತಿದ್ದೆ.

ಹೀಗಿರುವಾಗ ಯುಗಾದಿ ಬಂತು. ಯುಗಾದಿಯ ಮಾರನೆಯ ದಿನ ಹೊಸತೊಡಕು. ಮನೆಮನೆಯಲ್ಲೂ ಬಾಡಿನ ಸಾರು, ಕುಡಿದರೆ ಯಾರೂ ಬೈಯದ ದಿನ. ಮಧ್ಯಾಹ್ನ ಆಟ ನಡೆದಿತ್ತು. ಶೆಡ್ಡಿನ ಗೆಳೆಯರು ಬಂದರು.

“ಏನ್ ಗುರು, ಇವತ್ತೂ ಅಜ್ಜಿ ಜೊತೆ ಕವಡೆನಾ? ಎದ್ದು ಬಾರ್ಲಾ!”

ಯಜಮಾನರು ನನ್ನ ಮುಖ ನೋಡಲಿಲ್ಲ. ಎದ್ದರು. ಒಂದು ಕಾಲು ಜಗಲಿಯಿಂದ ಕೆಳಗೆ ಇಟ್ಟೂ ಆಗಿತ್ತು. ಆಗ ದೊಡ್ಡಮ್ಮ ಬಗ್ಗಿ, ಬೀದಿ ಧೂಳು ಮೆತ್ತಿದ ಅವರ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಬಾಚಿ ಮಡಿಲಿಗೆ ಹಾಕಿಕೊಂಡುಬಿಟ್ಟರು!

ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ದೊಡ್ಡಮ್ಮನ ತುಟಿ ಅದುರುತ್ತಿತ್ತು, ಹಣೆಯಲ್ಲಿ ಬೆವರು.

“ದೊಡ್ಡಮ್ಮ, ಬಿಡಿ, ಕೈ ತೊಳ್ಕೊಳ್ಳಿ,” ಎಂದರು ಯಜಮಾನರು ಗಾಬರಿಯಿಂದ.

“ನೀನು ಕೂತ್ರೆ ನಾನೂ ಕೂತಿರ್ತೀನಿ. ನೀನು ಹೋದ್ರೆ ನಾನೂ ಬಚ್ಚಲಿಗೆ ಹೋಗ್ತೀನಿ. ಕವಡೆ ಹಾಕು.”

“ಅಜ್ಜಿಗೆ ಹುಚ್ಚು ಹಿಡಿದಿದೆ ಕಣ್ರೋ!” ಎಂದ ಒಬ್ಬ.

“ಹೂಂ ಕಣಪ್ಪಾ, ಹಿಡಿದಿದೆ. ನನ್ನದಕ್ಕೆ ಮಾತ್ರೆ ತಗೋತಿದೀನಿ. ನಿಂದಕ್ಕೆ ಏನ್ ತಗೋತಿದೀಯಾ?”

ನೋಡುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಯಜಮಾನರು ಕಾಲು ಮೇಲೆತ್ತಿಕೊಂಡು ಕೂತರು. ಆಟದ ಮೇಲೆ ಆಟ. ಗೆಳೆಯರು ಬೇಸತ್ತು ಹೊರಟುಹೋದರು. ಬಿಸಿಲು ತಗ್ಗುವ ಹೊತ್ತಿಗೆ ದೊಡ್ಡಮ್ಮ, “ಲೇ ಹುಡುಗಿ, ಮಜ್ಜಿಗೆ ತಾ” ಎಂದರು. ಚಪ್ಪಲಿ ಮುಟ್ಟಿದ ಅದೇ ಕೈಯಲ್ಲಿ ಲೋಟ ಹಿಡಿದು ಗಟಗಟ ಕುಡಿದುಬಿಟ್ಟರು! ನನಗೆ ಕುಣಿಯಬೇಕೆನ್ನಿಸಿತು. ದೇವರ ಮನೆಗೆ ಓಡಿ ಎರಡು ಬತ್ತಿ ಹೆಚ್ಚಿಗೆ ಹಚ್ಚಿದೆ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಯಜಮಾನರು ಮಧ್ಯೆ ಜಾರಿದರು, ಮತ್ತೆ ಆಸ್ಪತ್ರೆ ಕಂಡರು. ದೊಡ್ಡಮ್ಮನೂ ಕೆಲವು ದಿನ ನಲ್ಲಿಯ ಹತ್ತಿರವೇ ನಿಂತುಬಿಡುತ್ತಿದ್ದರು. “ಇವತ್ತು ಅದು ಗೆಲ್ತು, ನಾಳೆ ನೋಡ್ಕೋತೀನಿ,” ಎಂದು ಮಾರನೆಯ ದಿನ ಜಗಲಿಗೆ ಬರುತ್ತಿದ್ದರು.

ಕೆಲವು ವರ್ಷಗಳ ಮೇಲೆ ದೊಡ್ಡಮ್ಮ ನಿದ್ದೆಯಲ್ಲೇ ಹೋದರು, ಯಾರಿಗೂ ಕಷ್ಟ ಕೊಡದೆ. ಯಜಮಾನರು ಹೆಗಲು ಕೊಟ್ಟರು. ಹೊತ್ತವರಿಗೆ ಸಾರಾಯಿ ಹಂಚುವುದು ಆಗ ನಮ್ಮ ಕಡೆ ರೂಢಿ. ಮಣ್ಣು ಮುಗಿಸಿ, ಸ್ನಾನ ಮಾಡಿ ಬಂದವರು ಗೋಡೆಗೆ ಒರಗಿ ಕೂತರು.

“ನನ್ನ ಕೈಗೂ ಪ್ಯಾಕೆಟ್ ಇಟ್ರು ಕಣೇ.”

“ಏನ್ ಮಾಡಿದ್ರಿ?”

“ಪಕ್ಕದೋನಿಗೆ ಕೊಟ್ಟೆ.” ಒದ್ದೆ ಟವೆಲ್ಲನ್ನು ತೊಡೆಯ ಮೇಲೆ ಮಡಿಸುತ್ತಾ, “ಈಗ್ಲೂ ಬೇಕು ಅನ್ನಿಸ್ತಿದೆ. ನಿನ್ ಹತ್ರ ಸುಳ್ಳು ಯಾಕೆ,” ಎಂದರು.

ಮೊದಲಾಗಿದ್ದರೆ ದೇವರ ಪಟದ ಮುಂದೆ ನಿಲ್ಲಿಸಿ ಮತ್ತೊಂದು ಆಣೆ ಹಾಕಿಸುತ್ತಿದ್ದೆ. ಅವತ್ತು ಕೈಯಲ್ಲಿದ್ದ ಕೆಲಸ ಬಿಟ್ಟು ಪಕ್ಕದಲ್ಲಿ ಕೂತೆ.

“ಅನ್ನಿಸಲಿ ಬಿಡಿ. ಇಳಿಯೋ ತನಕ ಕೂತಿರೋಣ.”

ಅವರ ಉಸಿರು ಜೋರಾಗಿತ್ತು, ಆಮೇಲೆ ಮೆಲ್ಲಗಾಯಿತು. ಬಾಗಿಲಲ್ಲಿದ್ದ ಬಿಸಿಲು ಬೀದಿಗೆ ಸರಿಯುವಷ್ಟರಲ್ಲಿ ನನ್ನ ಕಡೆ ತಿರುಗಿ, “ಹೊಟ್ಟೆ ಹಸೀತಿದೆ ಕಣೇ,” ಎಂದರು.

ಓಡಿಹೋಗಿ ಮುದ್ದೆಗೆ ಎಸರಿಟ್ಟೆ.