ಅರ್ಧಕ್ಕೆ ನಿಂತ ಕಥೆಗೆ ಹೂಂ ಅಂದವರು

ಮೊದಲೇ ಹೇಳಿಬಿಡುತ್ತೇನೆ, ನಾನು ಕಥೆ ಕಟ್ಟುವವಳಲ್ಲ. ಮಕ್ಕಳು ಕಟ್ಟಿದ ಕಥೆಗೆ ಅಂಕ ಕೊಡುವವಳು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಯೇ ತಲೆ ಬೆಳ್ಳಗಾಗಿದೆ. ಯಾವುದು ನಡೆದದ್ದು, ಯಾವುದು ಬುರುಡೆ ಎಂದು ನಾಲ್ಕು ಸಾಲು ಓದಿದರೆ ಗೊತ್ತಾಗುತ್ತದೆ. ಇದು ನಡೆದದ್ದು. ನಂಬುವುದು ಬಿಡುವುದು ನಿಮಗೆ ಸೇರಿದ್ದು... ನನಗಂತೂ ಆ ರಾತ್ರಿಯ ನಂತರ ಒಬ್ಬಳೇ ಕೂತು ಗಟ್ಟಿಯಾಗಿ ಓದುವ ಧೈರ್ಯ ಹೋಗಿದೆ.

ನಮ್ಮ ಮನೆ ಮಣಿಪಾಲದ ಒಂದು ಫ್ಲ್ಯಾಟು. ಪಾಳುಬಿದ್ದ ಬಂಗಲೆ, ಹುಣಸೆಮರ ಎಂದೆಲ್ಲ ಕಾಯಬೇಡಿ. ಕೆಳಗೆ ಜ್ಯೂಸ್ ಅಂಗಡಿ, ಎದುರಿಗೆ ಹಾಸ್ಟೆಲ್ಲು, ನಡುರಾತ್ರಿಯವರೆಗೆ ಹುಡುಗರ ಬೈಕುಗಳ ಸದ್ದು. ದೆವ್ವ ಬಂದರೂ ಪಾರ್ಕಿಂಗ್ ಸಿಗದ ಜಾಗ. ಗಂಡನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಅಂದು ರಾತ್ರಿ ಪಾಳಿ. ನಾನು ಊಟ ಮುಗಿಸಿ, ಅದೇ ಮೇಜಿನ ಮೇಲೆ ಸ್ಪರ್ಧೆಯ ಕಟ್ಟು ಬಿಚ್ಚಿದೆ.

ಹೈಸ್ಕೂಲು ಮಕ್ಕಳ ಕಥೆ, ಕವನ ಸ್ಪರ್ಧೆ. ತೀರ್ಪುಗಾರರು ಇಬ್ಬರು. ನಾನು ಮತ್ತು ಕಾರ್ಕಳದ ನಿವೃತ್ತ ಶಿಕ್ಷಕ ಭಾಸ್ಕರ ಮಾಸ್ಟ್ರು. ನನ್ನದೊಂದು ಕ್ರಮವಿದೆ, ಯಾವುದನ್ನೂ ಗಟ್ಟಿಯಾಗಿ ಓದದೆ ಅಂಕ ಕೊಡುವುದಿಲ್ಲ. ಕಣ್ಣು ಮೋಸ ಹೋದರೂ ಕಿವಿ ಅಷ್ಟು ಸುಲಭಕ್ಕೆ ಮೋಸ ಹೋಗುವುದಿಲ್ಲ. ಅಂದಿನ ಕವನಗಳಲ್ಲೆಲ್ಲ ಅಮ್ಮ, ಚಂದಿರ, ಗಿಡ ನೆಡಿ... ಓದಿ ಓದಿ ಆಕಳಿಕೆ ಬಂತು.

ಆಗ ಮಾಸ್ಟ್ರ ಫೋನು ಬಂತು.

"ಟೀಚರೇ, ಆ ದೋಣಿಯ ಕಥೆ ಓದಿದ್ರಾ?"

"ಇನ್ನೂ ಇಲ್ಲ. ಎಂತ?"

"ಅದು ಮಕ್ಕಳು ಬರೆದದ್ದಲ್ಲ ಮಾರಾಯ್ರೆ. ಹತ್ತನೇ ಕ್ಲಾಸಿನ ಹುಡುಗಿಗೆ ಅಂಥ ಭಾಷೆ ಬರುದುಂಟಾ? ಎಲ್ಲಿಂದಲೋ ಎತ್ತಿದ್ದು, ಇಲ್ಲದಿದ್ರೆ ಮೊಬೈಲಿನಲ್ಲಿ ಬರೆಸಿದ್ದು. ಅದೂ ಪೂರ್ತಿ ಸಿಕ್ಕಲಿಲ್ಲ ಅಂತ ಕಾಣ್ತದೆ, ಅರ್ಧಕ್ಕೇ ನಿಂತಿದೆ. ತೆಗೆದುಹಾಕುವ. ಅವಳ ಶಾಲೆಗೂ ಒಂದು ಮಾತು ತಿಳಿಸುವ."

ಶಾಲೆಗೆ ತಿಳಿಸುವುದೆಂದರೆ ಏನೆಂದು ನನಗೆ ಗೊತ್ತು. ಕದ್ದು ಬರೆದವಳು ಎಂಬ ಹೆಸರು ಬಂದರೆ ಆ ಹುಡುಗಿ ಶಾಲೆ ಬಿಡುವವರೆಗೂ ತಲೆ ಎತ್ತುವಂತಿಲ್ಲ. "ಇವತ್ತು ಓದುತ್ತೇನೆ. ನಾಳೆ ಹೇಳ್ತೇನೆ, ಅಷ್ಟರವರೆಗೆ ಸುಮ್ಮನಿರಿ" ಎಂದೆ.

ಹಾಳೆ ತೆಗೆದೆ. ಧನ್ಯಾ, ಹತ್ತನೇ ತರಗತಿ, ಶಂಕರಪುರದ ಹತ್ತಿರದ ಶಾಲೆ. ಓದತೊಡಗಿದೆ.

ಮಲ್ಲಿಗೆ ಮಾರುವ ಹೆಂಗಸೊಬ್ಬಳು ಮುಸ್ಸಂಜೆಯಲ್ಲಿ ಹೊಳೆ ದಾಟಲು ದೋಣಿ ಹತ್ತುತ್ತಾಳೆ. ದೋಣಿಯವನು ಮುಖ ತೋರಿಸುವುದಿಲ್ಲ. ಆಚೆ ದಡದ ದೀಪಗಳು ಒಂದೊಂದಾಗಿ ಆರುತ್ತವೆ...

"ಹೂಂ."

ಪಕ್ಕದ ಮನೆಯವರ ಟಿವಿ ಇರಬೇಕು ಎಂದುಕೊಂಡೆ. ಮುಂದಿನ ಸಾಲು ಓದಿದೆ.

"ಹೂಂ..."

ವಯಸ್ಸಾದವರ ಗಂಟಲು. ಕೋಣೆಯ ಒಳಗೇ, ಸೋಫಾದ ಕಡೆಯಿಂದ.

ನಮ್ಮ ಮನೆಗಳಲ್ಲಿ ರಾತ್ರಿ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ನಿದ್ದೆ ಬಂತೆಂದು ಲೆಕ್ಕ, ಕಥೆಯೂ ಅಲ್ಲಿಗೇ ನಿಲ್ಲುತ್ತದೆ. ಚಿಕ್ಕಂದಿನಲ್ಲಿ ನಾನೂ ನನ್ನ ಅಜ್ಜನ ಕಥೆಗಳಿಗೆ ಹೀಗೆಯೇ ಹೂಂಗುಟ್ಟಿದವಳು. ಈ ಹೂಂ ಅಂಥದ್ದೇ. ಕಥೆಯಲ್ಲಿ ಮನಸ್ಸು ಮುಳುಗಿದವರದ್ದು.

ಸೋಫಾದಲ್ಲಿ ಯಾರೂ ಇರಲಿಲ್ಲ. ನನ್ನದೇ ಭ್ರಮೆ ಎಂದು ಬೈದುಕೊಂಡು ಬೇರೆ ಹುಡುಗನ ಕಥೆ ಎತ್ತಿಕೊಂಡೆ. ಸೋಮಾರಿ ಮೊಲ, ಕೊನೆಗೆ ನೀತಿ. ಒಂದು ಪುಟ ಓದಿದೆ. ನಿಶ್ಶಬ್ದ. ಮತ್ತೆ ದೋಣಿಯ ಕಥೆಗೆ ಬಂದೆ.

"ಹೂಂ."

ಅದರ ಹಿಂದೆಯೇ ಒಂದು ವಾಸನೆ. ಮಲ್ಲಿಗೆಯ ಪರಿಮಳ ಎಂದು ಬರೆದರೆ ನೀವು ನಗುತ್ತೀರಿ, ನಾನೂ ಅಂಥದ್ದಕ್ಕೆ ಅಂಕ ಕತ್ತರಿಸುವವಳೇ. ಆದರೆ ಅದು ಮಲ್ಲಿಗೆಯಲ್ಲ. ಮಲ್ಲಿಗೆ ಕಟ್ಟಲು ನೀರಿನಲ್ಲಿ ನೆನೆಸಿಡುವ ಬಾಳೆನಾರಿನ ವಾಸನೆ. ಹಸಿ, ಸ್ವಲ್ಪ ಕೊಳೆತಂಥದ್ದು. ನಮ್ಮ ಫ್ಲ್ಯಾಟಿನಲ್ಲಿ ಬಾಳೆನಾರು ಎಲ್ಲಿಂದ ಬರಬೇಕು?

ಎದ್ದು ಓಡಬಹುದಿತ್ತು. ಓಡಲಿಲ್ಲ. ಏಕೆಂದರೆ ಕೇಳುವವರಿರುವಾಗ ಅರ್ಧಕ್ಕೆ ಬಿಟ್ಟರೆ ಏನಾದೀತೋ ಎಂಬ ಭಯವೇ ದೊಡ್ಡದಾಗಿತ್ತು. ಓದುತ್ತಾ ಹೋದೆ. ಸಾಲು ಸಾಲಿಗೂ ಹೂಂ. ಕೊನೆಯ ಹಾಳೆಯ ಕೊನೆಯ ಸಾಲಿಗೆ ಬಂದೆ.

"ನಡುಹೊಳೆಯಲ್ಲಿ ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿದ. ತಿರುಗಿ ನೋಡಿದ. ಆಗ ಅವಳಿಗೆ..."

ಅಷ್ಟೇ. ಮುಂದೆ ಬಿಳಿ ಹಾಳೆ.

"ಹೂಂ?"

ಈ ಸಲ ಅದು ಪ್ರಶ್ನೆ. ಮೊದಲಿಗಿಂತ ಹತ್ತಿರದಲ್ಲಿ, ನನ್ನ ಎಡಗಡೆಯ ಕುರ್ಚಿಯಿಂದ.

"ಇಷ್ಟೇ ಇರುದು" ಎಂದೆ.

"ಹೂಂ?"

ಭಯದಲ್ಲಿ ಬಾಯಿಗೆ ಬಂದದ್ದನ್ನು ಸೇರಿಸಿದೆ. ಆಗ ಅವಳಿಗೆ ಗಾಬರಿಯಾಯಿತು, ಕಿರುಚಿದಳು, ಹೊಳೆಗೆ ಹಾರಿದಳು, ಈಜಿ ದಡ ಸೇರಿದಳು...

ಹೂಂ ಬರಲಿಲ್ಲ. ವಾಸನೆ ಹೋಯಿತು. ಇಷ್ಟು ವರ್ಷ ಮಕ್ಕಳ ಕಥೆಗೆ ಅಂಕ ಕೊಟ್ಟವಳ ಕಥೆಗೆ ಸೊನ್ನೆ ಸಿಕ್ಕಿತ್ತು. ಇಂದು ಹೀಗೆ ತಮಾಷೆಯಾಗಿ ಹೇಳುತ್ತಿದ್ದೇನೆ, ಅಂದು ಮಾತ್ರ ಮನೆಯ ದೀಪಗಳನ್ನೆಲ್ಲ ಹಾಕಿ, ಗಂಡ ಬಂದು ಬೆಲ್ ಒತ್ತುವವರೆಗೆ ಗೋಡೆಗೆ ಒರಗಿ ಕೂತಿದ್ದೆ.

ಬೆಳಿಗ್ಗೆ ನನ್ನ ಶಾಲೆಗೆ ರಜೆ ಹಾಕಿ ಆ ಹುಡುಗಿಯ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿಗೆ ಕಳ್ಳತನದ ಮಾತು ಎತ್ತಲಿಲ್ಲ, ಕಥೆ ಚೆನ್ನಾಗಿದೆ, ಮಾತಾಡಬೇಕು ಎಂದಷ್ಟೇ ಹೇಳಿದೆ. ಧನ್ಯಾ ಬಂದಳು. ಸಣಕಲು ಹುಡುಗಿ, ಎರಡು ಜಡೆ. ಜಗಲಿಯ ಬೆಂಚಿನಲ್ಲಿ ನಾನು ಕೂತೆ, ಅವಳು ಎದುರು ನಿಂತಳು.

"ಇದು ನೀನೇ ಬರೆದದ್ದಾ?"

"ಹೌದು ಟೀಚರ್. ಮೊದಲು ಅಜ್ಜಿಗೆ ಹೇಳಿದ್ದು, ಆಮೇಲೆ ಬರೆದದ್ದು. ರಾತ್ರಿ ಅಜ್ಜಿ ಮಲ್ಲಿಗೆ ಕಟ್ಟುದು, ನಾನು ಕಥೆ ಹೇಳುದು. ಸಣ್ಣದಿರುವಾಗ ಅವರೇ ನನಗೆ ಹೇಳ್ತಿದ್ದದ್ದು, ಅವರು ಹೇಳುವ ಹಾಗೆಯೇ ನನಗೂ ಅಭ್ಯಾಸ ಆಗಿದೆ."

ಭಾಷೆ ಎಲ್ಲಿಂದ ಬಂತೆಂದು ತಿಳಿಯಿತು. "ಮತ್ತೆ ಅರ್ಧಕ್ಕೆ ಯಾಕೆ ನಿಲ್ಲಿಸಿದೆ?"

ಅವಳು ಕಾಲ ಬೆರಳಿನಿಂದ ನೆಲ ಕೆರೆದಳು.

"ಅಲ್ಲಿ ಅಜ್ಜಿ ಹೂಂ ಅನ್ಲಿಲ್ಲ ಟೀಚರ್. ನಿದ್ದೆ ಬಂತು ಅಂತ ನಾನೂ ಮಲಗಿದೆ. ಬೆಳಿಗ್ಗೆ ಏಳಿಸಿದ್ರೆ... ಏಳ್ಲಿಲ್ಲ."

ಆ ಮಗುವಿಗೆ ಏನು ಹೇಳಲಿ? ನಿನ್ನ ಅಜ್ಜಿ ಮುಂದಿನ ಸಾಲು ಕೇಳಿಕೊಂಡು ಮಣಿಪಾಲಕ್ಕೆ ಬಂದಿದ್ದರು ಎಂದು ಹೇಳಲೇ?

"ಮುಂದೆ ಎಂತ ಆಯ್ತು ಅಂತ ನಿಂಗೆ ಗೊತ್ತುಂಟಾ?"

"ಗೊತ್ತುಂಟು. ಆದ್ರೆ ಯಾರಿಗೆ ಹೇಳುದು?"

"ನಂಗೆ ಹೇಳು."

ಅವಳು ಮೆಲ್ಲಗೆ ಶುರು ಮಾಡಿದಳು. "ಆಗ ಅವಳಿಗೆ ಭಯ ಆಗಲಿಲ್ಲ. ಯಾಕೆಂದರೆ ಆ ಮುಖ ಅವಳಿಗೆ ಗೊತ್ತಿದ್ದದ್ದೇ..."

"ಹೂಂ."

ಧನ್ಯಾ ತಟ್ಟನೆ ನಿಲ್ಲಿಸಿದಳು. ಕಣ್ಣು ಅಗಲವಾಯಿತು. "ಟೀಚರ್... ಹೂಂ ಅಂದದ್ದು ನೀವಾ?"

ಹಾಡುಹಗಲು. ಅಂಗಳದಲ್ಲಿ ಮಕ್ಕಳು ಕಬಡ್ಡಿ ಆಡುತ್ತಿದ್ದರು. ಮೂಗಿಗೆ ಹಸಿ ಬಾಳೆನಾರಿನ ವಾಸನೆ ಬಡಿಯುತ್ತಿತ್ತು.

"ಹೌದು ಮಗಾ, ನಾನೇ" ಎಂದೆ. "ಮುಂದೆ ಹೇಳು."

ಅವಳು ಕಥೆಯನ್ನು ಪೂರ್ತಿ ಹೇಳಿದಳು. ಕೊನೆಯ ಮಾತು ಮುಗಿಯುತ್ತಿದ್ದಂತೆ ಆ ವಾಸನೆಯೂ ಮೆಲ್ಲಗೆ ಇಲ್ಲವಾಯಿತು.

ಗೇಟಿನ ಹೊರಗೆ ಬಂದು ಮಾಸ್ಟ್ರಿಗೆ ಫೋನು ಮಾಡಿದೆ. "ಕಥೆ ಅವಳದ್ದೇ. ಸ್ಪರ್ಧೆಯಲ್ಲಿ ಇರ್ಲಿ."

"ಸಾಕ್ಷಿ ಎಂತ ಉಂಟು ಟೀಚರೇ?"

"ಕೇಳಿದವರು ಇದ್ದಾರೆ" ಎಂದು ಇಟ್ಟುಬಿಟ್ಟೆ.

ನಾನು ಬರೆದ ಇಷ್ಟರಲ್ಲಿ ಸುಳ್ಳು ಎಂದರೆ ಒಂದೇ, ಆ ಹುಡುಗಿಗೆ ಹೇಳಿದ "ನಾನೇ". ನಾನು ತುಟಿ ಬಿಚ್ಚಿರಲಿಲ್ಲ. ಅವಳು ಅದನ್ನು ನಂಬಿದಳು ಎಂದುಕೊಂಡು ಸಮಾಧಾನದಿಂದ ಇರಲು ಎಷ್ಟೋ ಪ್ರಯತ್ನ ಮಾಡಿದ್ದೇನೆ, ಆಗುತ್ತಿಲ್ಲ. ಏಕೆಂದರೆ ಉಳಿದ ಕಥೆಯನ್ನು ಅವಳು ನನ್ನ ಮುಖ ನೋಡಿ ಹೇಳಲಿಲ್ಲ. ಬೆಂಚಿನಲ್ಲಿ ನನ್ನ ಎಡಗಡೆಯ ಖಾಲಿ ಜಾಗವನ್ನು ನೋಡುತ್ತಾ ಹೇಳಿದಳು... ನಡುವೆ ಒಮ್ಮೆ ನಕ್ಕಳು ಕೂಡ.