ಪೂಜೆಗಿಟ್ಟ ಪಾನಾ

ಇಳಕಲ್ಲಿನ ನಮ್ಮ ಮನೆಯಲ್ಲಿ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಹತ್ಯಾರ ಮುಟ್ಟುವಂತಿರಲಿಲ್ಲ. ಮಗ್ಗ ನಿಂತಿರುತ್ತಿತ್ತು. ಕಾರಿನ ನಟ್ಟು ಬಿಚ್ಚುವ ಪಾನಾ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಮಲಗಿರುತ್ತಿತ್ತು. ಎಂಬತ್ತನಾಲ್ಕನೇ ಇಸವಿಯಲ್ಲಿ ಹಬ್ಬದ ಹಿಂದಿನ ಸಂಜೆ, ಗಾಲಿಗಳು ಹೊರಗೆ ಚಾಚಿ ಕಾಣಲೆಂದು ಅಣ್ಣ ಅವುಗಳ ಹಿಂದೆ ದಪ್ಪನೆಯ ಸ್ಪೇಸರ್ ಬಳೆಗಳನ್ನು ಕೂರಿಸಿದ್ದ. ಪೂಜೆ ಮುಗಿದೊಡನೆ ಮನೆಯವರೆಲ್ಲ ಅದೇ ಕಾರಿನಲ್ಲಿ ಬಾದಾಮಿಗೆ ಹೊರಡುವವರಿದ್ದೆವು.

ಅವನು ಬಿಗಿಯುವಾಗ ನಾನು ಎಣಿಸಿದ್ದೆ. ಮೊದಲು ಎಂಟು ಸುತ್ತು ಹಿಡಿಯುತ್ತಿದ್ದ ನಟ್ಟು ಈಗ ಮೂರೇ ಸುತ್ತಿಗೆ ನಿಂತಿತ್ತು. ಬಳೆ ಸೇರಿಸಿದವನು ಉದ್ದನೆಯ ಬೋಲ್ಟು ಹಾಕಿರಲಿಲ್ಲ. ದಾರಿಯಲ್ಲಿ ಗಾಲಿ ಕಳಚೀತು ಎಂದು ಹೇಳಿದರೆ ನಕ್ಕ.

"ಹುಡುಗ್ಯಾರಿಗೇನ್ ತಿಳಿತೈತಿ ಗಾಲಿ ವಿಚಾರ?"

ಮರುದಿನ ಪೂಜೆ ಮುಗಿದು ಎಲ್ಲರೂ ಹೊರಡಲು ಅಣಿಯಾದಾಗ ನಾನು ದೇವರ ಮುಂದಿನ ಪಾನಾ ಎತ್ತಿಕೊಂಡೆ.

"ಪೂಜಿಗಿಟ್ಟಿದ್ದು ಮುಟ್ಟಬ್ಯಾಡವಾ! ದೇವರಿಗೇನ್ ಹೇಳ್ತಿ?" ಎಂದು ಅಜ್ಜಿ ಕೂಗಿದಳು.

"ನಾಕೂ ಗಾಲಿ ಮನಿಗೆ ತಿರುಗಿ ಬರ್ಲಿ ಆಯಿ, ಆಮ್ಯಾಲೆ ನಾನ ಹೇಳ್ತೇನಿ."

ಗಾಲಿಗೆ ಕಲ್ಲು ಕೊಟ್ಟೆ, ನಟ್ಟು ಸಡಿಲಿಸಿದೆ, ಜಾಕ್ ಏರಿಸಿ ಒಂದೊಂದೇ ಬಳೆ ತೆಗೆದೆ. ಮತ್ತೆ ಬಿಗಿಯುವಾಗ ಎಂಟೂ ಸುತ್ತು ಹಿಡಿಯಿತು. ಯಾರೂ ಕೈ ಹಚ್ಚಲಿಲ್ಲ. ಕೊನೆಯ ನಟ್ಟು ಬಿಗಿದ ಮೇಲೆ ಅವ್ವ ಮಾತ್ರ ಬಂದು ಕಾರಿನಲ್ಲಿ ಕುಳಿತಳು.

ಗ್ರೀಸು ಹತ್ತಿದ ಪಾನಾವನ್ನು ಒರೆಸದೆಯೇ ದೇವರ ಮುಂದಿಟ್ಟು ಬಂದೆ.