ಒಂದೇ ರಿಂಗ್

ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ ನಾನಿದ್ದ ಬಾಡಿಗೆ ಮನೆಯ ಎದುರು ಬಾಗಿಲಿನವರನ್ನು ಚಿಕ್ಕಮ್ಮ ಎನ್ನುತ್ತಿದ್ದೆ. ಬಳ್ಳಾರಿಯಲ್ಲಿ ಹುಟ್ಟಿ, ಮದುವೆಯಾಗಿ ಅಲ್ಲಿಗೆ ಬಂದವರು. ಗಂಡ ತೀರಿಕೊಂಡ ಮೇಲೆ ಅಂಗಡಿಯವರು ಕೊಡುವ ಮಂಗಳಗಿರಿ ಸೀರೆಗಳಿಗೆ ಕುಚ್ಚು ಕಟ್ಟಿ ಬದುಕುತ್ತಿದ್ದರು. ಅವರ ಕನ್ನಡಕ್ಕೆ ತುಕ್ಕು ಹಿಡಿದು, ನಡುನಡುವೆ ತೆಲುಗು ನುಸುಳುತ್ತಿತ್ತು. ಬ್ಯಾಂಕ್ ಕೆಲಸದಲ್ಲಿ ವರ್ಗವಾಗಿ ಬಂದ ನನ್ನ ತೆಲುಗು ಇನ್ನೂ ಅಂಬೆಗಾಲಿಡುತ್ತಿತ್ತು.

ಅವರದು ಬಟನ್ ಫೋನು. ಮಗಳು ಕುವೈತಿನಲ್ಲಿ. ಎಳೆಯ ಮೊಮ್ಮಗಳ ಮುಖ ನೋಡಬೇಕೆಂದರೆ ನನ್ನ ಫೋನೇ ಗತಿ. ಸಂಜೆ ದೀಪ ಹಚ್ಚಿ, ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತಾ ಬರುವರು. ನಾನು ವಿಡಿಯೊ ಕರೆ ಹಚ್ಚಿ ಕೊಡುವೆ. ಮಗುವನ್ನು ಮಾತಾಡಿಸಿ ಮುಗಿದರೂ ಏಳುತ್ತಿರಲಿಲ್ಲ. "ಚಿಕ್ಕಮ್ಮ, ಚಾಪೆ ಇಲ್ಲೇ ಹಾಸ್ಲಾ?" ಎಂದು ರೇಗಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗಾಗಿಯೇ ನಾನು ಬ್ಯಾಂಕಿನಿಂದ ಓಡಿ ಬರುತ್ತಿದ್ದದ್ದು.

ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅದನ್ನು ಕೇಳಿ ಮಗಳು ಊರಿಗೆ ಬರುವವರ ಕೈಲಿ ತಾಯಿಗೊಂದು ಹೊಸ ಫೋನು ಕಳಿಸಿದಳು. ಎಲ್ಲಿ ಒತ್ತಬೇಕು, ಹೇಗೆ ಹಿಡಿಯಬೇಕು ಎಲ್ಲ ಕಲಿಸಿಯೇ ಹೊರಟೆ.

ವಿಶಾಖಪಟ್ಟಣದ ಫ್ಲ್ಯಾಟಿನಲ್ಲಿ ನೆಟ್ಟಿಗೇನೂ ಬರವಿಲ್ಲ. ತರಕಾರಿ, ಔಷಧಿ, ಇಡ್ಲಿ ಎಲ್ಲವೂ ಬಾಗಿಲಿಗೇ ಬರುತ್ತವೆ. ತಂದವರು ಗಂಟೆ ಒತ್ತಿ, ನಾನು ಬಾಗಿಲು ತೆಗೆಯುವಷ್ಟರಲ್ಲಿ ಲಿಫ್ಟಿನಲ್ಲಿ ಇಳಿದು ಹೋಗಿರುತ್ತಾರೆ. ಬಾಯ್ತುಂಬ ಮಾತಾಡದೆ ದಿನಗಳೇ ಕಳೆಯುತ್ತಿದ್ದವು. ಒಂಟಿ ಎನಿಸುತ್ತಿತ್ತು, ಬಹಳವೇ ಎನಿಸುತ್ತಿತ್ತು.

ಸಂಜೆ ಮಾತ್ರ ಚಿಕ್ಕಮ್ಮನ ನಂಬರಿನಿಂದ ಒಂದೇ ರಿಂಗ್ ಬಂದು ನಿಲ್ಲುತ್ತಿತ್ತು. ಹೊಸ ಫೋನು, ಬೆರಳು ತಗುಲಿರಬೇಕು ಅಂದುಕೊಂಡೆ. ದಿನವೂ ತಗುಲುವ ಬೆರಳು ಅದ್ಯಾವುದಪ್ಪಾ ಎಂದು ಕೊನೆಗೆ ನಾನೇ ಕರೆ ಮಾಡಿದೆ.

"ಈಗ ಬಿಡುವಾಯ್ತಾ ಅಮ್ಮಾಯಿ? ದಿನಾ ಮಿಸ್ಡ್ ಕಾಲ್ ಕೊಡ್ತೀನಿ ಕದಾ" ಎಂದರು.

"ಪೂರ್ತಿ ರಿಂಗ್ ಆಗೋಕೆ ಬಿಡಬಾರ್ದಾ ಚಿಕ್ಕಮ್ಮ?"

"ಇಲ್ದೋರು ಮಿಸ್ಡ್ ಕಾಲ್ ಕೊಡ್ಬೇಕು, ಇದ್ದೋರು ಮಾಡ್ಬೇಕು. ನಮ್ಮ ಬೀದೀಲಿ ಎಲ್ರೂ ಹಂಗೇ."

"ಮಗಳಿಗೂ ಹೀಗೇನಾ?"

"ಅವಳಿಗೂ. ಬಿಡುವಾದಾಗ ನೀನೇ ಮಾಡಮ್ಮಾ ಅಂದಿದ್ಲು. ಕೊಟ್ಟು ಕಟ್ ಮಾಡ್ತೀನಿ, ತಿರುಗಿ ಮಾಡೋದೇ ಇಲ್ಲ. ಪಾಪ, ಡ್ಯೂಟಿ ಇರ್ತದೆ. ಮಗೂಗೆ ಹಲ್ಲು ಬಂದವೋ ಏನೋ, ನಾನು ನೋಡೇ ಇಲ್ಲ."

ಎರವಲು ಫೋನಿನಲ್ಲಿ ದಿನವೂ ಕಾಣುತ್ತಿದ್ದ ಮೊಮ್ಮಗಳು ಸ್ವಂತ ಫೋನು ಬಂದ ಮೇಲೆ ಮರೆಯಾಗಿದ್ದಳು. ಮಗಳೂ ನನ್ನಂತೆಯೇ ಬೆರಳು ತಗುಲಿತೆಂದುಕೊಂಡು ಸುಮ್ಮನಿದ್ದಿರಬೇಕು. ಈ ಫೋನಿನಲ್ಲಿ ನೆಟ್ ಕರೆಗೆ ಹಾಗೇನೂ ಖರ್ಚು ಬೀಳುವುದಿಲ್ಲ, ಅವಳು ಎತ್ತುವವರೆಗೂ ಕಟ್ ಮಾಡಬೇಡಿ ಎಂದು ಬಿಡಿಸಿ ಹೇಳಿದೆ.

"ನಿಜಾನಾ?" ಎಂದರು. "ಹಂಗಾದ್ರೆ ನೀನು ಇಡು, ಈಗ್ಲೇ ಮಾಡ್ತೀನಿ."

ಮರುದಿನ ಪೂರ್ತಿ ರಿಂಗ್ ಆಗುವಂತೆ ಕರೆ ಮಾಡಿ, ಮಗುವಿಗೆ ಕೆಳಗಡೆ ಹಲ್ಲು ಮೂಡಿರುವುದನ್ನು ಹೇಳಿದರು. ಆಮೇಲೆ ಅವರ ಸಂಜೆಗಳೆಲ್ಲ ಕುವೈತಿಗೆ ಹೋದವು. ಹೋಗಬೇಕಾದದ್ದೇ, ಮೊಮ್ಮಗಳ ಮುಂದೆ ಬ್ಯಾಂಕಿನವಳು ಯಾವ ಲೆಕ್ಕ? ಆದರೂ ಆ ಒಂದು ರಿಂಗ್ ನಿಂತ ಮೇಲೆ ಮನೆ ಬಿಕೋ ಎನ್ನತೊಡಗಿತು.

ನಿನ್ನೆ ಸಂಜೆ ನಾನೇ ಚಿಕ್ಕಮ್ಮನಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡಿ, ಫೋನು ಮಡಿಲಲ್ಲಿಟ್ಟುಕೊಂಡು ಕೂತೆ.